ಪೇಪರಿನಲ್ಲಿ ಪೊಟ್ಟಣ ಕಟ್ಟದ ಅಂಗಡಿ

ಹಾಸನ, ಹಾಸ್ಟೆಲಿನ ಊಟದ ಹಾಲ್
ಗುರುವಾರ, ೧೩ ನವೆಂಬರ್ ೨೦೨೫, ಮಧ್ಯಾಹ್ನ

ನನ್ನ ಸುವರ್ಣಜ್ಜಿಗೆ,

ಕಾಗದ ಬರೀತಿರೋದಕ್ಕೆ ಮೊದಲು ಕ್ಷಮಿಸಿಬಿಡು. ಹಾಸನದಿಂದ ಅರಸೀಕೆರೆಗೆ ರೈಲಲ್ಲಿ ಒಂದು ಗಂಟೆ ದಾರಿ. ಅಷ್ಟು ದೂರಕ್ಕೆ ಕಾಗದ ಬರೆಯೋ ಮೊಮ್ಮಗಳನ್ನ ಎಲ್ಲಾದ್ರೂ ಕಂಡಿದ್ದೀರೇನ್ರೇ ಅಂತ ನೀನು ಕನ್ನಡಕ ಹಣೆಗೇರಿಸಿಕೊಂಡು ಕೇಳೋದು ನನಗೆ ಇಲ್ಲಿಂದಲೇ ಕಾಣಿಸ್ತಿದೆ.

ಫೋನ್ ಮಾಡಬಹುದಿತ್ತು. ಎದುರಿಗೆ ಬಂದೇ ಹೇಳಬಹುದಿತ್ತು. ಆದರೆ ನಿನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತೆ. ನಿನಗೆ ಒಂದು ಮಾತು ಹೇಳಬೇಕು ಅಂದ್ರೆ ಕೂಗಬೇಕು. ನಾನು ಕೂಗಿದ್ರೆ ಅಡುಗೆಮನೆಯಲ್ಲಿ ಅಮ್ಮನಿಗೆ, ಅಂಗಡಿಯಲ್ಲಿ ಅಪ್ಪನಿಗೆ, ಪಕ್ಕದ ಜಗಲಿಯಲ್ಲಿ ರಮಾ ಆಂಟಿಗೆ, ಇಡೀ ಬಿ.ಎಚ್. ರೋಡಿಗೇ ಕೇಳಿಸುತ್ತೆ. ಇದು ಕೂಗಿ ಹೇಳೋ ವಿಷಯ ಅಲ್ಲ ಅಜ್ಜಿ. ಅಮ್ಮನ ಕೈಲಿ ಓದಿಸಬೇಡ. ಭೂತಗನ್ನಡಿ ತಗೊಂಡು ಹಿಂದಿನ ಕೋಣೆಯಲ್ಲಿ ಕೊಬ್ಬರಿ ಮೂಟೆ ಮೇಲೆ ಕೂತು ಒಬ್ಬಳೇ ಓದು. ಗಾಬರಿ ಬೇಡ. ನಾನು ಹುಷಾರಾಗಿದ್ದೀನಿ, ಫೇಲ್ ಆಗಿಲ್ಲ, ಯಾವ ಹುಡುಗನ ವಿಷಯವೂ ಅಲ್ಲ.

ನನಗೆ ಕಾಗದ ಬರೆಯೋಕೆ ಬರಲ್ಲ ಅಂತಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲ್ ಸ್ಕೂಲಲ್ಲಿ ಪ್ರತಿ ಭಾನುವಾರ ಮನೆಗೆ ಬರೀಲೇಬೇಕಿತ್ತು. ವಾರ್ಡನ್ ಓದಿ ಆಮೇಲೆ ಅಂಟಿಸೋರು. ಊಟ ಚೆನ್ನಾಗಿದೆ, ಫ್ರೆಂಡ್ಸ್ ಚೆನ್ನಾಗಿದ್ದಾರೆ, ನನ್ನ ಬಗ್ಗೆ ಚಿಂತೆ ಬೇಡ. ಆರು ವರ್ಷ ಅದೇ ಮೂರು ಸಾಲು. ಒಂದು ಸಲ ನನಗೆ ಹತ್ತು ದಿನ ಜ್ವರ ಇದ್ದಾಗಲೂ ಅದನ್ನೇ ಬರೆದಿದ್ದೆ. ಏನೂ ಹೇಳದೆ ಒಂದು ಪುಟ ತುಂಬಿಸೋದು ಹೇಗೆ ಅಂತ ನನ್ನ ಕೈಗೆ ಚೆನ್ನಾಗಿ ಗೊತ್ತು. ಒಳಗೆ ವಿಷಯ ಇಟ್ಟು ಬರೀತಿರೋದು ಇದೇ ಮೊದಲು. ಕನ್ನಡದಲ್ಲಿ ಯೋಚನೆ ಶುರು ಮಾಡಿ ಇಂಗ್ಲಿಷಲ್ಲಿ ಮುಗಿಸೋ ಹುಡುಗಿ ನಾನು. ಎಲ್ಲಾದ್ರೂ ಎಡವಿದ್ರೆ ನೀನೇ ಕೈ ಹಿಡಿದು ದಾಟಿಸಿಕೋ.

ಹೋದ ಶನಿವಾರ ಹೇಮಲತಾ ಮ್ಯಾಮ್, ನಮ್ಮ ಹಿಸ್ಟರಿ ಲೆಕ್ಚರರ್, ಫಸ್ಟ್ ಇಯರ್ ಹುಡುಗೀರನ್ನೆಲ್ಲ ಬೇಲೂರು ಹಳೇಬೀಡಿಗೆ ಕರ್ಕೊಂಡು ಹೋಗಿದ್ದರು. ಪ್ರತಿಯೊಬ್ಬರೂ ಗುಡಿ ಮುಂದೆ ನಿಂತು ಐದು ನಿಮಿಷ ಮಾತಾಡಬೇಕು. ನನಗೆ ಬಂದಿದ್ದು ಹಳೇಬೀಡಿನ ನಂದಿ. ಹಿಂದಿನ ದಿನ ಪೂರ್ತಿ ಬಾಯಿಪಾಠ ಮಾಡಿದ್ರೂ ಹೆದರಿಕೆ ಹೋಗಲಿಲ್ಲ. ಬೇಲೂರಿಂದ ಹಳೇಬೀಡಿಗೆ ಹೋಗೋ ಅರ್ಧ ಗಂಟೇಲಿ ಬಸ್ಸಿನ ಕಿಟಕಿಯಿಂದ ಎರಡು ಸಲ ವಾಂತಿ ಮಾಡಿದೆ. ಕೊನೆಗೆ ನಾನು ಮಾತಾಡಲೇ ಇಲ್ಲ ಅಜ್ಜಿ, ಯಾಕಂದ್ರೆ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಫಾರಿನ್ ಅಜ್ಜಿ ಕೋಲೂರಿಕೊಂಡು ಅಂಗಡಿ ಅಂಗಡಿಗೂ ಹೋಗಿ ಏನೋ ಕೇಳ್ತಿದ್ದರು. ಎಳನೀರು ಮಾರುವವನು ನಮ್ಮ ಮ್ಯಾಮ್‌ಗೆ, ಏನ್ ಕೇಳ್ತಾ ಐತೋ ಈಯಮ್ಮ, ಬಸ್ಸೋ ಬಾತ್ರೂಮೋ ಒಂದೂ ಗೊತ್ತಾಗಾಕಿಲ್ಲ, ಎಳನೀರು ಕೊಟ್ರೆ ಅದೂ ಬ್ಯಾಡ ಅಂತೈತೆ ಅಂದ. ಮ್ಯಾಮ್ ನನ್ನ ಕಡೆ ತಿರುಗಿ, ಅಕ್ಷತಾ, ನಿನ್ನ ಹಾಸ್ಟೆಲ್ ಇಂಗ್ಲಿಷ್ ಇವತ್ತಾದ್ರೂ ಯಾರಿಗಾದ್ರೂ ಪ್ರಯೋಜನಕ್ಕೆ ಬರಲಿ, ಹೋಗಮ್ಮ ಅಂತ ತಳ್ಳಿದರು. ನಂದಿಯಿಂದ ತಪ್ಪಿಸಿಕೊಂಡೆ ಅಂತ ಓಡಿದೆ. ಓಡಿದ್ದು ಎಲ್ಲಿಗೆ ಅಂತ ಆಗ ಗೊತ್ತಿರಲಿಲ್ಲ.

ಅವರಿಗೆ ಎಂಬತ್ತಾರು ವರ್ಷ. ನಿನ್ನ ವಯಸ್ಸೇ. ಲಂಡನ್ನಿನಿಂದ ಒಬ್ಬರೇ ಬಂದಿದ್ದಾರೆ. ಕೆರೆ ಪಕ್ಕದಲ್ಲಿ ಕೃಷ್ಣಪ್ಪ ಅನ್ನೋರ ರಾಗಿ ಕಣಜ ಇತ್ತು, ಅದು ಎಲ್ಲಿ ಅಂತ ಕೇಳ್ತಿದ್ದರು. ವಿಚಾರಿಸ್ತಾ ಹೋದ್ವಿ. ಕೃಷ್ಣಪ್ಪನವರ ಮೊಮ್ಮಗ ನಂಜಪ್ಪ ಅನ್ನೋರು ಸಿಕ್ಕರು. ಅರ್ಧ ಬಿದ್ದ ಒಂದು ಗೋಡೆ ತೋರಿಸಿ, ಇದೇ ಕಣವ್ವಾ ನಮ್ ತಾತನ ಕಣಜ ಇದ್ದ ಜಾಗ, ಮೂಟೆ ಮಧ್ಯ ಅಚ್ಚಿನ ಮಿಷಿನ್ ಇಟ್ಟಿದ್ರಂತೆ, ಊರೋರಿಗೆ ಅದು ರಾಗಿ ಬೀಸೋ ಮಿಷಿನ್ನು ಅಂದ್ಬುಟ್ಟಿದ್ರಂತೆ ನಮ್ ತಾತ, ಮಾರನೇ ದಿನ ನಾಕು ಹೆಂಗಸ್ರು ರಾಗಿ ಹೊತ್ಕೊಂಡು ಬಂದು ಬಾಗ್ಲಲ್ಲಿ ಕುಂತ್ಬುಟ್ಟವ್ರೆ ಅಂದರು. ನಾನು ಇಂಗ್ಲಿಷಿಗೆ ಮಾಡಿ ಹೇಳಿದಾಗ ಆ ಅಜ್ಜಿ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಆಮೇಲೆ ಗೋಡೆ ಮುಟ್ಟಿಕೊಂಡು ತುಂಬ ಹೊತ್ತು ನಿಂತರು.

ನಂಜಪ್ಪನವರು ನಮಗೆ ಕಡಲೇಕಾಯಿ ಕೊಡಿಸಿದರು. ಕೆರೆ ಏರಿ ಮೇಲೆ ಕೂತು ತಿಂದ್ವಿ. ತಿಂದು ಮುಗಿದ ಮೇಲೆ ಆ ಫಾರಿನ್ ಅಜ್ಜಿ ನ್ಯೂಸ್‌ಪೇಪರಿನ ಪೊಟ್ಟಣ ಬಿಚ್ಚಿದರು, ತೊಡೆ ಮೇಲೆ ಇಟ್ಟು ಅಂಗೈಯಿಂದ ತೀಡಿದರು, ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡರು. ಅಜ್ಜಿ, ಹಾಗೆ ಮಾಡುವವರು ಈ ಪ್ರಪಂಚದಲ್ಲಿ ನೀನೊಬ್ಬಳೇ ಅಂದುಕೊಂಡಿದ್ದೆ.

ನಮ್ಮಜ್ಜಿಯೂ ಹೀಗೇ ಮಾಡ್ತಾರೆ ಅಂದೆ. ಅವರಿಗೆ ಆಶ್ಚರ್ಯ ಆಯ್ತು. ಇದು ನಮ್ಮ ಜನದ ಪದ್ಧತಿ, ನಾವು ಯಹೂದಿಗಳು ಅಂದರು. ದೇವರ ಹೆಸರಿರೋ ಕಾಗದವನ್ನ ಅವರು ಬಿಸಾಡೋ ಹಾಗಿಲ್ಲ, ಸುಡೋ ಹಾಗಿಲ್ಲ, ಮನುಷ್ಯರನ್ನ ಹೂಳೋ ಹಾಗೆ ಮಣ್ಣಲ್ಲಿ ಹೂಳಬೇಕಂತೆ. ಅವರ ತಂದೆ ಪ್ರೆಸ್ ಇಟ್ಟಿದ್ದರಂತೆ. ಯಾವ ಸಾಲಿನಲ್ಲಿ ಯಾವ ದೇವರ ಹೆಸರು ನುಸುಳಿದೆಯೋ ಯಾರಿಗೆ ಗೊತ್ತು ಅಂತ ಅವರು ಅಚ್ಚಾದ ಎಲ್ಲಾ ಹಾಳೆಗೂ ಅದೇ ನಿಯಮ ಮಾಡಿದ್ದರಂತೆ. ಪ್ರೆಸ್ಸಿನ ಮೂಲೆಯಲ್ಲಿ ಒಂದು ಗೋಣಿಚೀಲ. ಬೇಡದ ಹಾಳೆ, ತಪ್ಪು ತಿದ್ದಿದ ಪ್ರೂಫ್ ಎಲ್ಲ ಅದರೊಳಗೆ. ಅದರಿಂದ ಒಂದು ಚೂರೂ ಯಾರೂ ತೆಗೀಬಾರದು. ಚೀಲ ತುಂಬಿದ ಮೇಲೆ ತೆಂಗಿನ ಮರದ ಬುಡಕ್ಕೆ.

ನನಗೆ ನೆನಪಾದದ್ದು ನಮ್ಮ ತೋಟದ ಬಾವಿ ಪಕ್ಕದ ತೆಂಗಿನ ಮರ ಅಜ್ಜಿ. ಪ್ರತಿ ವರ್ಷ ಆಯುಧಪೂಜೆ ದಿನ ಅಪ್ಪನ ಕೈಲಿ ಗುಂಡಿ ತೋಡಿಸಿ, ವರ್ಷದ ಹಳೇ ಪೇಪರೆಲ್ಲ ಹೂಳಿಸ್ತೀಯಲ್ಲ. ಈ ಸಲವೂ ಅಪ್ಪ, ರದ್ದಿಗೆ ಹಾಕಿದ್ರೆ ಆಗ್ತಿತ್ತು ಕಣಮ್ಮ ಅಂತ ಗೊಣಗಿದರು. ನೀನು, ಅಕ್ಷರ ಮಣ್ಣಿಗೆ ಹೋಗಬೇಕು ಶಶಿ, ಚರಂಡಿಗಲ್ಲ ಅಂದೆ. ನಮ್ಮ ಅಂಗಡಿಯಲ್ಲಿ ಇವತ್ತಿನವರೆಗೆ ಒಂದು ಪೊಟ್ಟಣವನ್ನೂ ನ್ಯೂಸ್‌ಪೇಪರಲ್ಲಿ ಕಟ್ಟಿಲ್ಲ. ಮುತ್ತುಗದ ಎಲೆ ಹೋಯ್ತು, ಖಾಕಿ ಕವರ್ ಬಂತು, ಪೇಪರ್ ಮಾತ್ರ ಬರಲಿಲ್ಲ. ಬಾಣಾವರದಿಂದ ಬರೋ ಗಿರಾಕಿಗಳೂ ನಮ್ಮನ್ನ ಪೇಪರ್ ಮಡಿಯೋರು ಅಂತ ಆಡಿಕೊಳ್ತಾರೆ. ಇದೆಲ್ಲ ಅಂಗಡಿ ಹಾಕಿದ ಮುತ್ತಜ್ಜನ ಶಾಸ್ತ್ರ, ವಯಸ್ಸಾದ ನಿನ್ನ ಹಠ ಅಂದುಕೊಂಡಿದ್ವಿ.

ಅವರ ಹೆಸರು ಹನ್ನಾ. ತಂದೆ ಹೆಸರು ಯೋಸೆಫ್ ಹಾಲ್ಮೋಶ್. ಅರಸೀಕೆರೆ ಬಾಯಲ್ಲಿ ಯೋಸಪ್ಪ.

ಇಷ್ಟು ಓದಿ ನೀನು ಭೂತಗನ್ನಡಿ ಕೆಳಗಿಟ್ಟಿರ್ತೀಯ. ಇಡು, ಪರವಾಗಿಲ್ಲ. ನೀರು ಕುಡಿದು ಬಾ. ನಾನು ಇಲ್ಲೇ ಇರ್ತೀನಿ.

ಅವರ ಮನೆತನದ ಕಥೆಯನ್ನ ಅವರು ಹೇಳಿದ ಹಾಗೇ ಹೇಳ್ತೀನಿ, ನಿನಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ. ಹಂಗೇರಿ ಅಂತ ಒಂದು ದೇಶ. ಅಲ್ಲಿ ಹನ್ನಾ ಅವರ ಮುತ್ತಜ್ಜ ಪತ್ರಿಕೆ ನಡೆಸ್ತಿದ್ದರು. ೧೮೪೮ರಲ್ಲಿ ರಾಜನ ವಿರುದ್ಧ ಕ್ರಾಂತಿ ಆಯ್ತು, ಕ್ರಾಂತಿ ಸೋತಿತು, ಸೈನಿಕರು ಬಂದು ಮಿಷಿನ್ ಒಡೆದರು. ಅವರ ಮಗ ಅದೇ ಮುರುಕು ಮಿಷಿನ್ ರಿಪೇರಿ ಮಾಡಿಸಿ ಮತ್ತೆ ಪತ್ರಿಕೆ ತಂದರು. ೧೯೧೯ರಲ್ಲಿ ಇನ್ನೊಂದು ಕ್ರಾಂತಿ, ಮತ್ತೆ ಸೋಲು, ಈ ಸಲ ಅವರನ್ನೇ ಜೈಲಿಗೆ ಹಾಕಿದರು. ಮೂರನೆಯವರು ಯೋಸೆಫ್. ಯಹೂದಿಗಳನ್ನು ಉಳಿಸೋದಿಲ್ಲ ಅನ್ನೋ ಕಾಲ ಬಂದಾಗ ಹೆಂಡತಿಯನ್ನೂ ತೊಟ್ಟಿಲ ಮಗುವನ್ನೂ ಕರ್ಕೊಂಡು ಹಡಗು ಹತ್ತಿದರು. ನಮ್ಮ ಮನೇಲಿ ಪ್ರತಿ ತಲೆಮಾರಿಗೂ ಒಂದು ಪತ್ರಿಕೆ, ಒಂದು ಕ್ರಾಂತಿ, ಒಂದು ಓಟ ಅಂತ ಹನ್ನಾ ತಮಾಷೆಯಾಗಿ ಹೇಳಿದರು. ತಮಾಷೆ ಮಾಡುವಾಗ ಅವರ ಎಡಗೈ ಮಾತ್ರ ಕೋಲನ್ನ ಗಟ್ಟಿಯಾಗಿ ಹಿಡಿದಿತ್ತು.

ಅಚ್ಚಿನ ಮಿಷಿನ್ ರಿಪೇರಿ ಗೊತ್ತಿದ್ದರಿಂದ ಮೈಸೂರು ಸೀಮೆಯಲ್ಲಿ ಕೆಲಸ ಸಿಕ್ಕಿತಂತೆ. ನಾಲ್ಕು ದಿಕ್ಕಿಗೂ ರೈಲು ಹೋಗೋ ಊರು ಅಂತ ಅರಸೀಕೆರೆ ಆರಿಸಿಕೊಂಡು ಪ್ರೆಸ್ ಹಾಕಿದರು. ವಾರಕ್ಕೊಮ್ಮೆ ನಾಲ್ಕು ಪುಟ, ಹೆಸರು ಜಂಕ್ಷನ್ ಸಮಾಚಾರ. ಕನ್ನಡ ಕಲಿತದ್ದು ಸೀಸದ ಅಚ್ಚುಮೊಳೆಗಳಿಂದ, ಅಕ್ಷರ ಅದರಲ್ಲಿ ತಿರುಗುಮುರುಗಾಗಿ ಇರುತ್ತಲ್ಲ, ಹಾಗಾಗಿ ಅಚ್ಚಾದ ಹಾಳೆಗಿಂತ ಮೊಳೆಯಲ್ಲೇ ಬೇಗ ಓದೋರು. ಯಾರಾದ್ರೂ ಕನ್ನಡ ಬರುತ್ತಾ ಸ್ವಾಮಿ ಅಂದ್ರೆ, ಬರುತ್ತೆ, ಕನ್ನಡೀಲಿ ಅನ್ನೋರಂತೆ. ಈ ಮಾತನ್ನ ಹನ್ನಾ ಕನ್ನಡದಲ್ಲೇ ಹೇಳಿದರು! ಅವರಿಗೆ ಉಳಿದಿರೋ ಕನ್ನಡ ಮೂರೇ ಮೂರು ತುಣುಕು ಅಜ್ಜಿ. ಒಂದು ಇದು. ಇನ್ನೊಂದು, ಸುವ್ವಿ ಬಾರೇ. ಮೂರನೆಯದು ಏಳರ ಮಗ್ಗಿ. ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು ಅಂತ ಕೆರೆ ನೋಡ್ತಾ ಶುರು ಮಾಡಿ, ಏಳೇಳ್ಲೆ ನಲವತ್ತೊಂಬತ್ತಕ್ಕೆ ನಿಂತುಬಿಟ್ಟರು. ಮುಂದಿನದು ಆಗಲೂ ಬರ್ತಿರಲಿಲ್ಲ, ಈಗಲೂ ಇಲ್ಲ ಅಂದರು. ಗಲ್ಲಾಪೆಟ್ಟಿಗೆ ಹತ್ತಿರ ನಿಂತು, ಏಳೆಂಟು ಎಷ್ಟೋ ಶಶಿ ಅಂತ ಇವತ್ತಿಗೂ ಅಪ್ಪನ್ನ ಕೇಳೋಳು ಯಾರು ಅಂತ ನನಗೆ ಗೊತ್ತಿತ್ತು. ಸುವ್ವಿ ಯಾರು ಅಂತಲೂ ಗೊತ್ತಾಯ್ತು. ಆದ್ರೂ ಬಾಯಿ ಬಿಡಲಿಲ್ಲ. ಯಾಕಂದ್ರೆ ಅಷ್ಟರಲ್ಲಿ ಅವರು ಮುಂದಿನ ಕಥೆ ಶುರು ಮಾಡಿದ್ದರು.

ಸ್ವಾತಂತ್ರ್ಯ ಬಂದು ತಿಂಗಳಾದರೂ ನಮ್ಮ ಕಡೆ ಇನ್ನೂ ಮಹಾರಾಜರ ಸರ್ಕಾರವೇ ಇತ್ತಲ್ಲ, ಆಗ ಜನರ ಸರ್ಕಾರ ಬೇಕು ಅಂತ ಮೈಸೂರು ಚಲೋ ಚಳವಳಿ. ಯೋಸಪ್ಪನವರ ಪತ್ರಿಕೆ ಚಳವಳಿಯ ಕಡೆ. ಪ್ರೆಸ್ ಮೇಲೆ ಪೊಲೀಸರ ಕಣ್ಣು ಬಿತ್ತು. ಅದಕ್ಕೆ ಒಂದು ಉಪಾಯ. ಮೊಳೆ ಜೋಡಿಸೋದು ಅರಸೀಕೆರೆಯಲ್ಲಿ. ಜೋಡಿಸಿದ್ದನ್ನ ಕೊಬ್ಬರಿ ಮೂಟೆ ಕೆಳಗಿಟ್ಟು ಗಾಡಿಯಲ್ಲಿ ಹಳೇಬೀಡಿಗೆ. ಅಚ್ಚಾಗೋದು ಕೃಷ್ಣಪ್ಪನವರ ಕಣಜದಲ್ಲಿ. ಹಂಚೋದು ಬೇಲೂರಲ್ಲಿ. ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ. ಮೊಳೆ ಜೋಡಿಸೋರು ಯೋಸಪ್ಪನವರ ಜೊತೆ ಕೂತು ಉಣ್ಣೋ ಸ್ನೇಹಿತ. ಅವರ ಹೆಸರು ಸಿದ್ದಬಸಪ್ಪ. ನಿನ್ನಪ್ಪ. ಅಂಗಡಿಯಲ್ಲಿ ವಿಭೂತಿ ಇಟ್ಟು ಹಾರ ಹಾಕಿರೋ ಫೋಟೋದ ನನ್ನ ಮುತ್ತಜ್ಜ.

ನಾಲ್ಕನೇ ವಾರ ಪೊಲೀಸ್ ದಫೇದಾರ್ ಉಗ್ರಪ್ಪ ಪ್ರೆಸ್ ಬಾಗಿಲಿಗೆ ಬಂದು ಒಂದು ಪ್ರೂಫ್ ಹಾಳೆ ಬಿಡಿಸಿ ಹಿಡಿದನಂತೆ. ಅಂಚಿನಲ್ಲಿ ಸಿದ್ದಬಸಪ್ಪನವರ ಕೈಬರಹ, ಗಾಡಿಯವನಿಗೆ ಬರೆದದ್ದು: ಗುರುವಾರ ಹಳೇಬೀಡಿಗೆ, ಕೆರೆ ಪಕ್ಕ ಕೃಷ್ಣಪ್ಪನವರ ಕಣಜ. ಇದನ್ನ ಬರೆದೋರು ಯಾರು ಅಂದ. ನಾನೇ ಅಂದರಂತೆ ಯೋಸಪ್ಪ. ಅವರಿಗೆ ಅಷ್ಟು ಕೂಡಿಸಿ ಕನ್ನಡ ಬರೆಯೋಕೇ ಬರ್ತಿರಲಿಲ್ಲ. ಅವರನ್ನ ಹಿಡಿದುಕೊಂಡು ಹೋದರು, ಹಳೇಬೀಡಿನಲ್ಲಿ ಮಿಷಿನ್ ಒಡೆದರು, ಹತ್ತೇ ದಿನದಲ್ಲಿ ಸಂಸಾರ ಸಮೇತ ಗಡಿ ದಾಟಿಸಿದರು. ಸಿದ್ದಬಸಪ್ಪನನ್ನು ಯಾರೂ ಮುಟ್ಟಲಿಲ್ಲ. ಚಳವಳಿ ಗೆದ್ದ ಮೇಲೆ ವಾಪಸ್ ಹೋಗೋಣ ಅಂದರಂತೆ ಯೋಸಪ್ಪ. ಹೆಂಡತಿ ಒಪ್ಪಲಿಲ್ಲ. ನಿನ್ನ ತಟ್ಟೇಲಿ ಉಂಡವನೇ ನಿನ್ನ ವಿಳಾಸ ಬರೆದು ಕೊಟ್ಟ, ಅವನನ್ನೂ ಉಳಿಸಿದೆ, ಆ ಊರಿಗೆ ನಾನು ಬರಲ್ಲ ಅಂದರಂತೆ. ಅವನು ಅಂಥವನಲ್ಲ ಅಂತ ಯೋಸಪ್ಪ ಅನ್ನೋರು. ಹಾಗಾದ್ರೆ ಯಾರು ಅಂದ್ರೆ ಸುಮ್ಮನಾಗೋರು. ಆ ಸುಮ್ಮನಿರೋದನ್ನ ಇಡೀ ಮನೆ ಒಪ್ಪಿಗೆ ಅಂತ ಓದಿಕೊಂಡಿತು.

ಹನ್ನಾ ಬೆಂಗಳೂರಿಂದ ರೈಲಲ್ಲೇ ಹಾಸನಕ್ಕೆ ಬಂದದ್ದಂತೆ. ಅರಸೀಕೆರೆ ಬಂದಾಗ ಕಿಟಕಿ ಶಟರ್ ಎಳೆದುಕೊಂಡು ಕೂತಿದ್ದೆ ಅಂದರು. ಆಮೇಲೆ ಕೇಳಿದರು, ಆ ಸಿದ್ದಬಸಪ್ಪನ ಮನೆಯವರು ಯಾರಾದ್ರೂ ಇದ್ದಾರಾ, ನಿನಗೆ ಗೊತ್ತಾ ಅಂತ.

ಅಜ್ಜಿ, ನಾನು ಗೊತ್ತಿಲ್ಲ ಅಂದೆ.

ಊಟ ಚೆನ್ನಾಗಿದೆ, ಫ್ರೆಂಡ್ಸ್ ಚೆನ್ನಾಗಿದ್ದಾರೆ, ಗೊತ್ತಿಲ್ಲ. ಅಷ್ಟೇ ಸಲೀಸಾಗಿ ಬಂತು. ಮುತ್ತಜ್ಜನ ಫೋಟೋಗೆ ಪರೀಕ್ಷೆ ದಿನ ಕೈ ಮುಗಿದು ಹೋಗೋಳು ನಾನು. ಬಸ್ಸಲ್ಲಿ ವಾಪಸ್ ಬರುವಾಗ ಇಡೀ ದಾರಿ ಅದನ್ನೇ ನೆನೆಸಿಕೊಂಡೆ. ಹೇಮಲತಾ ಮ್ಯಾಮ್, ಯಾಕೆ ಮುಖ ಹೀಗಿದೆ, ಮತ್ತೆ ವಾಂತೀನಾ ಅಂತ ಪ್ಲಾಸ್ಟಿಕ್ ಕವರ್ ಕೊಟ್ಟರು.

ಆದರೆ ಹೊರಡೋ ಮುಂಚೆ ಇನ್ನೊಂದಾಯ್ತು. ಹನ್ನಾ ಬ್ಯಾಗಿನಿಂದ ಒಂದು ಹಾಳೆ ತೆಗೆದರು, ಪ್ಲಾಸ್ಟಿಕ್ಕಿನಲ್ಲಿ ಹಾಕಿಟ್ಟಿದ್ದು. ಕೇಸು ನಡೆಸದೆ ಗಡಿ ದಾಟಿಸಿದಾಗ ಯೋಸಪ್ಪನವರ ಸಾಮಾನಿನ ಜೊತೆ ಅದನ್ನೂ ಪೊಲೀಸರು ವಾಪಸ್ ಕೊಟ್ಟಿದ್ದರಂತೆ. ಅವರು ಸಾಯೋವರೆಗೆ ಪರ್ಸಿನಲ್ಲಿ ಇಟ್ಟುಕೊಂಡಿದ್ದರಂತೆ. ಅವತ್ತು ದಫೇದಾರ್ ಇದನ್ನ ಬಿಡಿಸಿದಾಗ ಮಡಿಕೆಯಿಂದ ಎರಡು ಹುರಿಗಡಲೆ ಕಾಳು ಬಿದ್ದವು, ನಾನು ಹೆಕ್ಕಿ ತಿಂದೆ, ಅಮ್ಮ ಹೊಡೆದರು, ನನಗೆ ನೆನಪಿರೋದು ಅಷ್ಟೇ ಅಂದರು. ಹಿಂದುಗಡೆ ಏನಿದೆ ಓದು ಅಂದರು. ತಿರುಗಿಸಿದೆ. ಮೇಲೆ ಓಂ ನಮಃ ಶಿವಾಯ. ಕೆಳಗೆ ಕನ್ನಡ ಅಂಕಿಯಲ್ಲಿ ಏಳರ ಮಗ್ಗಿ. ನಾಲ್ಕು ಬಂದ ಕಡೆಯೆಲ್ಲ ಬಾಲ ಉದ್ದಕ್ಕೆ ಎಳೆದು ಸುತ್ತಿದೆ, ನೀನು ಇವತ್ತಿಗೂ ಕ್ಯಾಲೆಂಡರ್ ಮೇಲೆ ಬರೆಯೋ ಹಾಗೇ.

ಯಾವುದೋ ಮಗುವಿನ ಮಗ್ಗಿ ಅಂದೆ. ನಂದೇ ಇರಬೇಕು, ಅದಕ್ಕೇ ಅಪ್ಪ ಇಟ್ಟುಕೊಂಡಿದ್ದರು ಅಂದರು ಹನ್ನಾ. ಅವರ ಮುಖ ಎಂಟು ವರ್ಷದ ಹುಡುಗಿಯದಾಯ್ತು. ಅದನ್ನ ಕಿತ್ತುಕೊಳ್ಳೋಕೆ ನನಗೆ ಧೈರ್ಯ ಬರಲಿಲ್ಲ. ಹಾಳೆಯ ಎರಡೂ ಕಡೆ ಫೋಟೋ ತಗೊಂಡೆ, ನಂಬರ್ ಕೊಟ್ಟೆ, ಬಂದುಬಿಟ್ಟೆ.

ನಿನಗೆ ನೆನಪಿದೆಯಾ, ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ಸ್ಟೇಷನ್ ಹತ್ತಿರದಿಂದ ಚುರುಮುರಿಯನ್ನ ಪೇಪರಲ್ಲಿ ಕಟ್ಟಿಸಿಕೊಂಡು ಬಂದಿದ್ದೆ. ನೀನು ಕೆನ್ನೆಗೆ ಹೊಡೆದೆ. ನೀನು ನನ್ನ ಹೊಡೆದದ್ದು ಅದೊಂದೇ ಸಲ. ಆಮೇಲೆ ನೀನೇ ಅಳ್ತಾ, ನನ್ನ ತಲೆ ಮಡಿಲಿಗೆ ಹಾಕ್ಕೊಂಡು, ಒಂದು ಪೊಟ್ಟಣಕ್ಕೆ ಒಂದು ಮನೆ ಹೋಯ್ತು ಕಣೇ ಅಕ್ಷು, ನನ್ನ ಕೈಯಾರೆ ಕಟ್ಟಿದ್ದು ಅಂದೆ. ಯಾರ ಮನೆ ಅಂದ್ರೆ ಹೇಳಲಿಲ್ಲ. ಯಾವತ್ತೂ ಹುರಿಗಡಲೆ ತಿನ್ನಲ್ಲ ನೀನು. ನಮ್ಮ ಅಂಗಡಿಯಲ್ಲಿ ಎಲ್ಲಾ ಸಿಗುತ್ತೆ, ಹುರಿಗಡಲೆ ಮಾತ್ರ ಕೇಳಿದರೆ ಮುಂದಿನ ಅಂಗಡಿಗೆ ಕಳಿಸ್ತೀಯ.

ಇಷ್ಟು ದಿನ ಬೇರೆ ಬೇರೆಯಾಗಿ ಇದ್ದದ್ದೆಲ್ಲ ಆ ಹಾಳೆ ನೋಡಿದಾಗ ಒಂದಕ್ಕೊಂದು ಕೂಡಿಕೊಂಡವು. ನಾನು ಊಹಿಸಿದ್ದು ಹೇಳ್ತೀನಿ, ತಪ್ಪಿದ್ರೆ ಬೈ. ಪ್ರೆಸ್ಸಿನ ಮುಂದೆ ನಿಮ್ಮಮ್ಮ ಹುರಿಗಡಲೆ, ಬೆಲ್ಲ ಇಟ್ಟುಕೊಂಡು ಕೂರ್ತಿದ್ದರು ಅಂತ ನೀನೇ ಒಂದು ಸಲ ಹೇಳಿದ್ದೆ. ಮಗ್ಗಿ ಬರೆಯೋಕೆ ನಿನಗೆ ಕಾಗದ ಬೇಡವಾ? ಮುಟ್ಟಬಾರದ ಚೀಲದಿಂದ ನೀನು ಒಂದು ಹಾಳೆ ತೆಗೆದೆ. ಅವತ್ತು ನಿಮ್ಮಮ್ಮ ಒಳಗೆ ಹೋಗಿದ್ದರು, ನೀನೊಬ್ಬಳೇ ಇದ್ದೆ. ದಫೇದಾರ್ ಬಂದು ಹುರಿಗಡಲೆ ಕೇಳಿದ. ಪೊಟ್ಟಣ ಕಟ್ಟೋ ಎಲೆ ಮುಗಿದಿತ್ತು. ದೊಡ್ಡವರ ಹಾಗೆ ವ್ಯಾಪಾರ ಮಾಡ್ತಿದ್ದೀನಿ ಅಂತ ನಿನಗೆ ಹೆಮ್ಮೆ. ಕೈಗೆ ಸಿಕ್ಕಿದ ಆ ಮಗ್ಗಿ ಹಾಳೆಯಲ್ಲೇ ಕಟ್ಟಿಕೊಟ್ಟೆ, ಹಿಂದುಗಡೆ ನಿನ್ನಪ್ಪನ ಬರಹ ಇದ್ದದ್ದು ನೋಡಲಿಲ್ಲ. ಚೆನ್ನಾಗಿ, ದಾರ ಸುತ್ತಿ, ಬಿಚ್ಚಿಹೋಗದ ಹಾಗೆ ಕಟ್ಟಿರ್ತೀಯ. ನೀನು ಯಾವುದನ್ನೂ ಅರ್ಧಂಬರ್ಧ ಮಾಡೋಳಲ್ಲ.

ಎಂಟು ವರ್ಷ ಅಜ್ಜಿ! ನಮ್ಮ ಎದುರುಮನೆ ಪಾಪುಗೂ ಎಂಟು ವರ್ಷ. ಅವಳಿಗೆ ಇನ್ನೂ ಶೂ ಲೇಸ್ ಕಟ್ಟೋಕೆ ಬರಲ್ಲ.

ಮುತ್ತಜ್ಜನಿಗೆ ಗೊತ್ತಾಗಿತ್ತಾ? ಅವರು ಆಮೇಲೆ ಯಾವತ್ತೂ ಮೊಳೆ ಮುಟ್ಟಲಿಲ್ಲ, ಅಂಗಡಿ ಹಾಕಿದರು, ಪೇಪರಲ್ಲಿ ಕಟ್ಟಬಾರದು ಅನ್ನೋ ನಿಯಮ ಮಾಡಿದರು ಅಂದ್ರೆ ಗೊತ್ತಾಗಿರಲೇಬೇಕು. ನಿನಗೆ ಬೈದರಾ? ನನಗನ್ನಿಸುತ್ತೆ, ಬೈಯಲೇ ಇಲ್ಲ. ಬೈದಿದ್ರೆ ನೀನು ಅವತ್ತೇ ಅತ್ತು ಮುಗಿಸಿಬಿಡ್ತಿದ್ದೆ.

ಈಗ ನಾನು ಕೇಳಬೇಕಾದ್ದು. ಹನ್ನಾ ಭಾನುವಾರ ಬೆಳಿಗ್ಗೆ ಹೊರಡ್ತಾರೆ. ಇನ್ನೊಂದು ಸಲ ಬರೋ ವಯಸ್ಸಲ್ಲ ಅಂತ ಅವರೇ ಅಂದರು. ದಿನಾ ನನಗೆ ಮೆಸೇಜ್ ಹಾಕ್ತಾರೆ, ಆ ಮನೆಯವರ ಬಗ್ಗೆ ಏನಾದ್ರೂ ಗೊತ್ತಾಯ್ತಾ ಅಂತ. ನಾನು ಉತ್ತರ ಕೊಟ್ಟಿಲ್ಲ. ನೀನು ಬೇಡ ಅಂದ್ರೆ ಕೊಡೋದೂ ಇಲ್ಲ. ಇದು ನಿನ್ನ ಮಾತು, ನಾನು ಆಡೋಕಾಗಲ್ಲ. ಆದರೆ ನಾನು ಸುಮ್ಮನಿದ್ರೆ ಲಂಡನ್ನಿನ ಒಂದು ಮನೆಯಲ್ಲಿ ಮುತ್ತಜ್ಜ ಯಾವತ್ತಿಗೂ ಸ್ನೇಹಿತನನ್ನ ಹಿಡಿದುಕೊಟ್ಟವನಾಗೇ ಉಳೀತಾರೆ. ಹೇಳಿದ್ರೆ, ಎಪ್ಪತ್ತೆಂಟು ವರ್ಷ ನೀನು ಮಡಿಲಲ್ಲಿ ಕಟ್ಟಿಕೊಂಡಿದ್ದನ್ನ ನಾನು ಬೀದಿಗೆ ಬಿಚ್ಚಿದ ಹಾಗಾಗುತ್ತೆ. ಐದು ದಿನದಿಂದ ಊಟ ಸೇರ್ತಿಲ್ಲ. ಈ ಸಲ ನಿಜವಾಗಿ ಹೇಳ್ತಿದ್ದೀನಿ, ಊಟ ಚೆನ್ನಾಗಿಲ್ಲ ಅಜ್ಜಿ.

ನೀನು ಹೂಂ ಅಂದ್ರೆ ಶನಿವಾರ ಅವರನ್ನ ಕರ್ಕೊಂಡು ಬರ್ತೀನಿ. ಅರಸೀಕೆರೆಗೆ ಬರೋಕೆ ಒಪ್ಪಿಸೋ ಜವಾಬ್ದಾರಿ ನಂದು. ಮೊದಲು ನನ್ನ ಸುಳ್ಳು ಒಪ್ಪಿಕೊಳ್ತೀನಿ, ಆಮೇಲೆ ನಿನ್ನದು ನೀನು ಹೇಳು. ನಿನ್ನ ಮಾತು ನಾನೇ ಇಂಗ್ಲಿಷಿಗೆ ಮಾಡ್ತೀನಿ, ಒಂದಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ. ಅವರಿಗೂ ಕಿವಿ ಸ್ವಲ್ಪ ಮಂದ. ರಮಾ ಆಂಟಿಗೆ ಇಂಗ್ಲಿಷ್ ಬರಲ್ಲ, ಅವರಿಗೆ ಎಷ್ಟು ಕೂಗಿದ್ರೂ ತೊಂದರೆಯಿಲ್ಲ. ಕನ್ನಡದ್ದು ಮಾತ್ರ ನೀನು ಮೆಲ್ಲಗೆ ಹೇಳು, ನನ್ನ ಕಿವಿ ಚೆನ್ನಾಗಿದೆ.

ಈ ಕಾಗದವನ್ನ ನಮ್ಮ ಕಾಲೇಜಿನ ಅಟೆಂಡರ್ ಭೀಮರಾಜಣ್ಣನ ಕೈಲಿ ಕಳಿಸ್ತಿದ್ದೀನಿ. ದಿನಾ ಅರಸೀಕೆರೆಯಿಂದಲೇ ರೈಲಲ್ಲಿ ಓಡಾಡ್ತಾರೆ, ಒಳ್ಳೆಯವರು, ಅಂಟಿಸಿದ್ದನ್ನ ಬಿಚ್ಚೋರಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಅಂಗಡಿ ಮುಂದೆ ಬಂದು ನಿಲ್ತಾರೆ. ಹೂಂ ಅಥವಾ ಬೇಡ, ಒಂದು ಪದ ಸಾಕು. ದಯವಿಟ್ಟು ಬೇಗ ಉತ್ತರ ಬರಿ.

ನಿನ್ನ ಮೊಮ್ಮಗಳು,
ಅಕ್ಷು

ಮರೆತ ಮಾತು: ಕವರ್ ಅಂಟಿಸೋ ಮುಂಚೆ ಫೋಟೋನ ಇನ್ನೊಂದು ಸಲ ದೊಡ್ಡದು ಮಾಡಿ ನೋಡಿದೆ. ಅಜ್ಜಿ, ಮಗ್ಗಿ ಬರೆದದ್ದು ಇಬ್ಬರು, ಒಂದು ಸಾಲು ಒಬ್ಬರು, ಮುಂದಿನ ಸಾಲು ಇನ್ನೊಬ್ಬರು. ಒಂದು ಕೈ ದುಂಡಗೆ ದೊಡ್ಡದು, ಇನ್ನೊಂದು ಚಿಕ್ಕದು. ಎಲ್ಲಾ ನಾಲ್ಕಕ್ಕೂ ಬಾಲ ಇದೆ ಅಂದುಕೊಂಡಿದ್ದೆ, ಇಲ್ಲ, ಚಿಕ್ಕ ಕೈಯದಕ್ಕೆ ಮಾತ್ರ. ಹಾಗಾಗಿ ಹನ್ನಾ ಅಂದದ್ದು ಸುಳ್ಳಲ್ಲ, ಅದು ಅವರದೂ ಹೌದು. ಎಂಟನೇ ಸಾಲು ನಿಂದು. ಏಳೆಂಟ್ಲೆ ೫೪ ಅಂತ ಬರೆದಿದ್ದೀಯ. ಆ ೪ನ್ನ ಯಾರೋ ಸಣ್ಣ ಪೆನ್ಸಿಲ್ಲಿನಲ್ಲಿ ಪ್ರೂಫ್ ತಿದ್ದೋ ಹಾಗೆ ಒಂದು ಗೆರೆ ಹೊಡೆದು, ಅಂಚಿನಲ್ಲಿ ೬ ಅಂತ ಬರೆದಿದ್ದಾರೆ. ಪೆನ್ಸಿಲ್ ಗೆರೆ ಪೊಟ್ಟಣದ ಮಡಿಕೆಗಳ ಮೇಲೆ ಹತ್ತಿ ಇಳಿದಿದೆ, ಅಂದ್ರೆ ತಿದ್ದಿದ್ದು ಪೊಟ್ಟಣ ಬಿಚ್ಚಿದ ಮೇಲೆ, ಎಲ್ಲಾ ಆಗಿಹೋದ ಮೇಲೆ. ಆಮೇಲೆ ಹಾಳೆ ಇದ್ದದ್ದು ಯೋಸಪ್ಪನವರ ಪರ್ಸಿನಲ್ಲೇ, ಅವರಿಗೆ ಅದು ಯಾರ ಕೈ ಅಂತ ಗೊತ್ತಿತ್ತು ಅಜ್ಜಿ. ಆ ಹಾಳೆಯ ಎರಡೂ ಕಡೆ ಹುಡುಕಿದೆ. ಅವರು ತಪ್ಪು ಅಂತ ಗುರುತು ಹಾಕಿರೋದು ಅದೊಂದೇ.